ನಮ್ಮ ಮಾವನ ಮನೆಯಲ್ಲಿ ಗಾಳಿ ಹಂಚುವ ಕ್ರಮ

ಗಾಳಿ ಪುಕ್ಕಟೆ ಸಿಗುತ್ತದೆ ಎಂದುಕೊಂಡವರು ಒಮ್ಮೆ ಸಿಂಧನೂರಿಗೆ ಬಂದು ನಮ್ಮ ಸೋದರಮಾವನ ಮನೆಯಲ್ಲಿ ಉಣ್ಣಬೇಕು. ಅಲ್ಲಿ ಗಾಳಿಯನ್ನು ದುಡಿದೇ ಪಡೆಯಬೇಕು. ಹೆಚ್ಚು ದುಡಿದವರಿಗೆ ಹೆಚ್ಚು ಗಾಳಿ, ಕಡಿಮೆ ದುಡಿದವರಿಗೆ ಕಡಿಮೆ ಗಾಳಿ, ಏನೂ ದುಡಿಯದವರಿಗೆ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಜಾಗ. ಯಾವ ಸರಕಾರಕ್ಕೂ ಹೊಳೆಯದೆ ಉಳಿದಿದ್ದ ಒಂದೇ ಒಂದು ವಸ್ತುವಿನ ಮೇಲೆ ಕಣ್ಣು ಹಾಕಿದ ಪುಣ್ಯಾತ್ಮ ನಮ್ಮ ಮಾವ!

ನಾನು ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅನ್ನಿಸಿದರೆ ಮೊದಲು ಆ ಮನೆಯ ನಕ್ಷೆ ಕೇಳಿ. ನಡುಮನೆ ಉದ್ದಕ್ಕಿದೆ. ಅದರ ಒಂದು ತುದಿಯ ಜಂತಿಗೆ ಒಂದು ಫ್ಯಾನು. ಫ್ಯಾನಿನ ಕೆಳಗೆ ಊಟದ ಮೊದಲ ತಾಟು, ಅಲ್ಲಿಂದ ಅಡುಗೆಮನೆಯ ಬಾಗಿಲ ಕಡೆಗೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಮೊದಲ ತಾಟಿನವರ ಬೆವರು ಕೂತ ಕೂಡಲೇ ಆರುತ್ತದೆ. ನಾಲ್ಕನೆಯ ತಾಟಿನವರಿಗೆ ಫ್ಯಾನಿನ ಸದ್ದಷ್ಟೇ ಕೇಳುತ್ತದೆ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಬಿಸಿಲು ಎಂಥದೆಂದು ಬಲ್ಲವರಿಗೆ ಈ ನಾಲ್ಕು ತಾಟುಗಳ ನಡುವಿನ ಅಂತರ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಫ್ಯಾನು ಹಾಕಿಸಿದರೆ ಗಂಟೇನು ಹೋಗುತ್ತದೆ ಎಂದು ನೀವು ಕೇಳಬಹುದು. ಮಾವನ ಮಗ ಶರಣು ಇದನ್ನೇ ಎಷ್ಟೋ ಸಲ ಕೇಳಿದ್ದಾನೆ. ಮಲಗುವ ಕೋಣೆಗಳಲ್ಲಿ ಫ್ಯಾನು ಇವೆ, ಒಂದರಲ್ಲಿ ಕೂಲರೂ ಇದೆ. ಆದರೆ ಉಣ್ಣುವ ಜಾಗಕ್ಕೆ ಮಾತ್ರ ಮಾವ ಇನ್ನೊಂದನ್ನು ಬಿಟ್ಟುಕೊಂಡಿಲ್ಲ.

"ಇನ್ನೊಂದು ಹಾಕಿಸಿದಿ ಅಂದ್ರ ದುಡ್ಯೋರಿಗೂ ದುಡೀಲಾರದೋರಿಗೂ ಫರಕ ಏನ ಉಳೀತು?" ಎಂದು ಅವರು ಕೇಳಿದರೆ ಶರಣು ತಾಟಿನ ಕಡೆ ತಲೆ ಬಗ್ಗಿಸಿ ಉಣ್ಣುತ್ತಾನೆ.

ಈ ಕಾಯ್ದೆ ಹುಟ್ಟಿದ್ದಕ್ಕೂ ಒಂದು ಹಿನ್ನೆಲೆ ಇದೆ. ನಮ್ಮ ಅಜ್ಜನ ಕಾಲಕ್ಕೆ ಪಕ್ಕದ ಗೊರೇಬಾಳದಲ್ಲಿದ್ದ ಮನೆಯ ಹೊಲಕ್ಕೆ ಕಾಲುವೆಯ ನೀರು ಮುಟ್ಟಿರಲಿಲ್ಲ. ಮಳೆ ಬಂದರೆ ಜೋಳ, ಬರದಿದ್ದರೆ ಆಕಾಶ. ಆಗ ಮನೆಯಲ್ಲಿ ಆದಾಯವೂ ಇರಲಿಲ್ಲ, ಫ್ಯಾನೂ ಇರಲಿಲ್ಲ, ಹೀಗಾಗಿ ಸಂಪೂರ್ಣ ಸಮಾನತೆ ಇತ್ತು! ಆಮೇಲೆ ನೀರು ಬಂತು. ಮಾವ ಹೊಲ ಮಟ್ಟ ಮಾಡಿ, ಬದು ಕಟ್ಟಿ, ಭತ್ತ ಹಚ್ಚಿದರು. ಮೊದಲ ಒಳ್ಳೆಯ ಬೆಳೆಯ ದುಡ್ಡಿನಲ್ಲಿ ಆ ಫ್ಯಾನು ಮನೆಗೆ ಬಂತು. ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವನು ಎಲ್ಲರಿಗಿಂತ ಮೊದಲು ಬೆವರು ಆರಿಸಿಕೊಳ್ಳಬೇಕು ಎಂದು ಹೇಳಿ ಮಾವ ಅದರ ಕೆಳಗೆ ಕೂತರು. ಆಗ ಅವರೊಬ್ಬರೇ ದುಡಿಯುವವರು, ಆದ್ದರಿಂದ ಯಾರ ತಕರಾರೂ ಇರಲಿಲ್ಲ. ಬೇಸಿಗೆ ರಜೆಗೆ ಹೋಗುತ್ತಿದ್ದ ನಾನು, ಶರಣು, ಓಣಿಯ ಮಕ್ಕಳು ಎಲ್ಲ ಅಡುಗೆಮನೆಯಲ್ಲಿ ಅತ್ತೆಯ ಸುತ್ತ ಕೂತು ಉಣ್ಣುತ್ತಿದ್ದೆವು.

ವರ್ಷಗಳು ಕಳೆದಂತೆ ನಾವು ಒಬ್ಬೊಬ್ಬರೇ ದುಡಿಯಲು ಹತ್ತಿದೆವು, ಒಬ್ಬೊಬ್ಬರೇ ನಡುಮನೆಗೆ ಬಡ್ತಿ ಪಡೆದೆವು. ಪ್ರತಿ ಯುಗಾದಿಯ ಬೆಳಿಗ್ಗೆ ಬೇವಿನ ಪಾನಕ ಕುಡಿದ ಮೇಲೆ ಮಾವನ ದರ್ಬಾರು. ಪ್ರತಿಯೊಬ್ಬರೂ ತಮ್ಮ ವರ್ಷದ ಗಳಿಕೆ ಬಾಯಿಬಿಟ್ಟು ಹೇಳಬೇಕು. ಅದರ ಮೇಲೆ ಜಾಗಗಳ ಹಂಚಿಕೆ. ಹಬ್ಬದ ದಿನ ಹೋಳಿಗೆಗೆ ರಿಯಾಯಿತಿ, ಎಲ್ಲಿ ಬೇಕಾದರೂ ಕೂತು ಉಣ್ಣಬಹುದು. ಹೊಸ ಕ್ರಮ ಮರುದಿನ ಮಧ್ಯಾಹ್ನದಿಂದ ಜಾರಿ. ಮಸ್ಕಿಯ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಹಬ್ಬಕ್ಕೆ ಬಂದ ನೆಂಟಳು ಅಲ್ಲವೇ, ನನಗಾದರೂ ವಿನಾಯಿತಿ ಕೊಡಬಾರದೇ? ಕೊಡಲಿಲ್ಲ. ನನ್ನನ್ನೂ ಸಾಲಿಗೆ ಹಚ್ಚಿದರು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮಾವನಿಗೆ ರೂಪಾಯಿಯ ಮೇಲೆ ನಂಬಿಕೆಯೇ ಇಲ್ಲ! ಅವರ ಲೆಕ್ಕವೆಲ್ಲ ಭತ್ತದ ಚೀಲದಲ್ಲಿ. ರೂಪಾಯಿ ಇವತ್ತೊಂದು, ನಾಳೆಯೊಂದು. ಚೀಲ ಅಂದರೆ ಚೀಲ ಎಂಬುದು ಅವರ ವಾದ. ಬಸ್ಸಿನ ಟಿಕೀಟು, ಡಾಕ್ಟರ ಫೀಜು, ಮದುವೆಯ ಮುಯ್ಯಿ ಯಾವುದನ್ನು ಹೇಳಿದರೂ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ ಭತ್ತಕ್ಕೆ ಇಳಿಸುತ್ತಾರೆ. ಶರಣು ಒಮ್ಮೆ ಹೊಸ ಮೊಬೈಲು ತಂದ. ಮಾವ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಹತ್ತು ಚೀಲ ಭತ್ತ ಕಿಸೆದಾಗ ಇಟ್ಕೊಂಡು ಅಡ್ಡ್ಯಾಡಾಕತ್ಯಾನ ನೋಡು ಹುಚ್ಚ."

ಅವತ್ತಿನಿಂದ ಶರಣು ಮನೆಯಲ್ಲಿ ಮೊಬೈಲು ಹೊರಗೆ ತೆಗೆಯುವುದನ್ನೇ ಕಡಿಮೆ ಮಾಡಿದ.

ನನ್ನ ಮದುವೆಯ ಮಾತುಕತೆಯಲ್ಲೂ ಇದೇ ಪಾಡು. ಲಿಂಗಸುಗೂರಿನಿಂದ ವರನ ಕಡೆಯವರು ಬಂದಿದ್ದರು. ಹುಡುಗ ಅಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಅವಲಕ್ಕಿ, ಚಹಾ ಮುಗಿಯಿತು. ಎಲ್ಲರೂ ಕುಲಗೋತ್ರ, ಬಳಗ ಕೇಳುತ್ತಿದ್ದರೆ ನಮ್ಮ ಮಾವ ಮುಂದೆ ಬಾಗಿ ಕೇಳಿದ್ದೇನು?

"ವರ್ಷಕ್ಕ ಎಷ್ಟು ಚೀಲ ರೀ?"

"ನಮಗ ಹೊಲ ಇಲ್ರಿ," ಅಂದ ಹುಡುಗ.

"ಹೊಲ ಯಾರು ಕೇಳ್ಯಾರ? ನಿಮ್ಮ ಪಗಾರ ಕೇಳಾಕತ್ತೀನಿ."

ಹುಡುಗ ಅವರಪ್ಪನ ಮುಖ ನೋಡಿದ. ಅವರಪ್ಪ ಸೂರು ನೋಡಿದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು, ಈ ಸಂಬಂಧವೂ ಹೋಯಿತು ಎಂದು ಹಣೆ ಚಚ್ಚಿಕೊಂಡೆ. ಆದರೆ ಆ ಹುಡುಗ ಅವತ್ತಿನ ಭತ್ತದ ರೇಟು ಎಷ್ಟೆಂದು ಮಾವನನ್ನೇ ಕೇಳಿದ, ಬಾಯಲ್ಲೇ ಭಾಗಿಸಿದ, ಚೀಲದ ಲೆಕ್ಕ ಹೇಳಿಬಿಟ್ಟ! ಮಾವ ಒಳಗೆ ಬಂದು ನಮ್ಮವ್ವನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಚೀಲ ಕಡಿಮಿ ಅದಾವ. ಆದ್ರ ಭಾಗಾಕಾರ ಬರತೈತಿ. ಕೊಡವಾ." ಆ ಭಾಗಾಕಾರ ಬಲ್ಲವನ ಜೊತೆಯೇ ನಾನು ಇವತ್ತಿಗೂ ಮಸ್ಕಿಯಲ್ಲಿ ಸಂಸಾರ ಮಾಡುತ್ತಿದ್ದೇನೆ.

ಆಮೇಲೆ ಶರಣುವಿನ ಹೆಂಡತಿಯಾಗಿ ಶಶಿಕಲಾ ಬಂದಳು. ಲಿಂಗಸುಗೂರಿನ ಸರಕಾರಿ ದವಾಖಾನೆಯಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮೊದಮೊದಲು ಗುತ್ತಿಗೆ ಕೆಲಸ, ಸಂಬಳ ಅಷ್ಟಕ್ಕಷ್ಟೇ, ಆದ್ದರಿಂದ ನಾಲ್ಕನೆಯ ತಾಟು. ಪಾಪ, ಮಸ್ಕಿಯಲ್ಲಿ ಬಸ್ಸು ನಿಂತಾಗ ನಾನು ಸಿಕ್ಕರೆ, "ಅಕ್ಕಾ, ಬಸ್ಸಿನ್ಯಾಗರ ಕಿಟಕಿ ಗಾಳಿ ಐತಿ, ಮನ್ಯಾಗ ಅದೂ ಇಲ್ಲ" ಎಂದು ನಗುತ್ತಿದ್ದಳು. ಒಂದು ವರ್ಷ ಅವಳ ಕೆಲಸ ಕಾಯಂ ಆಯಿತು. ಅದೇ ವರ್ಷ ಭತ್ತದ ರೇಟು ಬಿತ್ತು.

ಈಗ ಮಾವನ ಲೆಕ್ಕದ ಚಮತ್ಕಾರ ನೋಡಿ. ರೇಟು ಬಿದ್ದರೆ ಅದೇ ಪಗಾರಕ್ಕೆ ಹೆಚ್ಚು ಚೀಲ ಬರುತ್ತವೆ. ಕಾಯಂ ಆದ ಪಗಾರ ಮೊದಲೇ ಏರಿತ್ತು, ಈಗ ಚೀಲದಲ್ಲಿ ಇನ್ನಷ್ಟು ಉಬ್ಬಿತು. ಮಾವನ ಹೊಲ ಎಂದಿನಷ್ಟೇ ಬೆಳೆದಿತ್ತು. ಆದರೆ ಗೊಬ್ಬರ, ಔಷಧಿ, ಕೂಲಿ ಇವುಗಳ ರೇಟು ಮಾತ್ರ ಬಿದ್ದಿರಲಿಲ್ಲ. ಅವನ್ನೆಲ್ಲ ಕಳೆದು ನೋಡಿದರೆ ಸೊಸೆ ಮುಂದೆ, ಮಾವ ಹಿಂದೆ. ಮಾವ ಕಣ್ಣು ಮುಚ್ಚಿದರು, ತೆರೆದರು, ಮರುದಿನ ಎದ್ದು ತಮ್ಮ ತಾಟನ್ನು ತಾವೇ ಎತ್ತಿ ಎರಡನೆಯ ಜಾಗಕ್ಕೆ ಇಟ್ಟರು.

"ಮಾವಾರ, ನನಗ ಫ್ಯಾನಿನ ಗಾಳಿಗೆ ತಲಿ ನೋಯತೈತ್ರಿ, ನೀವ ಅಲ್ಲಿ ಕುಂದರ್ರಿ," ಅಂದಳು ಶಶಿಕಲಾ.

"ದವಾಖಾನ್ಯಾಗ ಕೆಲಸ ಮಾಡ್ತಿ. ಒಂದು ಗುಳಿಗಿ ನುಂಗಿ ಕುಂದ್ರು."

ಮಾವನಿಗೆ ಬೇಜಾರಾಗಿರಬಹುದು ಎಂದು ಸಮಾಧಾನ ಹೇಳಲು ಹೋದೆ. ಅವರು ನನ್ನನ್ನೇ ಗದರಿದರು.

"ನಾ ಎಲ್ಲಿ ಇಳಿದೀನಿ ಹೇಳವಾ? ನನ್ನ ಹೊಲದ ಚೀಲ ಹೋದ ವರ್ಷದಷ್ಟ ಅದಾವ. ಆಕಿ ಏರ್ಯಾಳ."

ರೂಪಾಯಿಯಲ್ಲಿ ಲೆಕ್ಕ ಹಿಡಿದಿದ್ದರೂ ತೀರ್ಪು ಅದೇ ಬರುತ್ತಿತ್ತು. ಆದರೆ ಆಗ ಅವರಿಗೆ ತಮ್ಮ ಇಳಿತ ಕಾಣುತ್ತಿತ್ತು. ಬೆಳೆದ ಚೀಲದ ಲೆಕ್ಕದಲ್ಲಿ ಸೊಸೆಯ ಏರಿಕೆಯಷ್ಟೇ ಕಂಡಿತು. ಸಾಲಗುಂದದಿಂದ ಬಂದ ಬೀಗರೊಬ್ಬರು, "ಇದೇನ್ರೀ, ನೀವು ಎರಡನೇದಕ್ಕ ಬಂದೀರಿ?" ಎಂದು ಕೇಳಿದಾಗ ಮಾವ ಓಣಿಗೆಲ್ಲ ಕೇಳುವ ಹಾಗೆ, "ನಮ್ಮ ಸೊಸಿ ನನ್ನ ದಾಟ್ಯಾಳ್ರಿ" ಅಂದರು. ಹಾಗಂತ ಅವರಿಗೆ ಏನೂ ಅನ್ನಿಸಿರಲಿಲ್ಲ ಎಂದು ಹೇಳಲಾರೆ. ಊಟದ ನಡುವೆ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುವುದು ಜಾಸ್ತಿಯಾಯಿತು ಎಂದು ಅತ್ತೆ ನನಗೆ ಹೇಳಿದರು.

ಮುಂದೊಂದು ವರ್ಷ ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬಿಡಲಿಲ್ಲ. ಮಾವನದು ಒಂದೇ ಬೆಳೆ. ಶರಣುವಿನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಮಾತ್ರ ಭರ್ತಿ ನಡೆದಿತ್ತು. ಅಪ್ಪ ಮೂರನೆಯ ತಾಟಿಗೆ ಇಳಿಯುವುದನ್ನು ನೋಡಲಾಗದೆ ಅವನು ಯುಗಾದಿಯ ದಿನ ಸುಳ್ಳು ಹೇಳಲು ನಿರ್ಧರಿಸಿದ.

"ಈ ವರ್ಷ ಯಾಪಾರ ಭಾಳ ಡಲ್ ಅಪ್ಪಾ. ಏನೂ ಉಳದಿಲ್ಲ."

ಮಾವ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. "ಸುಗ್ಗಿ ಮುಗಿಯೋಮಟ ನಿನ್ನ ಅಂಗಡಿ ಎದುರಿನ ಹೋಟೆಲ್ಲಿನ್ಯಾಗ ನಾ ದಿನಾ ಚಾ ಕುಡದೀನಿ. ನಿನ್ನ ಕಟ್ಟಿ ಮುಂದ ಗಾಡಿ ನಿಲ್ಲಾಕ ಜಾಗಾ ಇರಲಿಲ್ಲ. ಸುಳ್ಳು ಹೇಳಿ ಅಪ್ಪನ್ನ ಮ್ಯಾಲ ಕುಂದ್ರಸ್ತಿಯೇನಲೇ?"

ಶರಣು ತಲೆ ತಗ್ಗಿಸಿದ. ಯಾರೂ ಯಾರಿಗಾಗಿಯೂ ಸುಳ್ಳು ಹೇಳಬಾರದು, ಹೇಳಿದವರು ಒಂದು ವರ್ಷ ಒಲೆಯ ಪಕ್ಕ ಉಣ್ಣಬೇಕು ಎಂದು ಮಾವ ಕಾಯ್ದೆಗೆ ಇನ್ನೊಂದು ಕಲಮು ಸೇರಿಸಿದರು. ಮರುದಿನ ತಾಟು ಎತ್ತಿಕೊಂಡು ತಾವಾಗಿಯೇ ಮೂರನೆಯ ಜಾಗಕ್ಕೆ ಹೋದರು. ಆ ಹಬ್ಬಕ್ಕೆ ನಾನೇ ನಾಲ್ಕನೆಯವಳು. ರಜೆ ಮುಗಿಯುವವರೆಗೆ ನನ್ನ ಎಡಕ್ಕೆ ಕೂತ ಮಾವ ಆಗಾಗ, "ನಿನಗೇನರ ಗಾಳಿ ಹತ್ತತೈತೇನವಾ?" ಎಂದು ಕೇಳುತ್ತಿದ್ದರು.

"ಇಲ್ಲ ಮಾವಾ."

"ನನಗೂ ಇಲ್ಲ," ಅನ್ನುತ್ತಿದ್ದರು.

ಇಷ್ಟಾದರೂ ಅವರು ಸಾಲಿನಲ್ಲಿದ್ದರು. ದುಡಿಯುವವರ ಸಾಲು ಅದು. ಹೋದ ವರ್ಷದ ಹಿಂದಿನ ವರ್ಷ ಮೊಣಕಾಲು ಕೈಕೊಟ್ಟವು. ಕೆಸರಿನಲ್ಲಿ ಇಳಿದರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಮಾವ ಹೊಲವನ್ನು ಮಗನ ಹೆಸರಿಗೆ ಮಾಡಿದರು, ಮಗ ಅದನ್ನು ಲೀಜಿಗೆ ಕೊಟ್ಟ. ಆ ದಿನ ಗೊರೇಬಾಳದಿಂದ ಬಂದು ಚಪ್ಪಲಿ ಬಿಟ್ಟ ಮಾವ ನಡುಮನೆಯಲ್ಲಿ ನಿಂತು ತಾಟಿನ ಸಾಲು ಇರುವ ಜಾಗವನ್ನು ಸುಮ್ಮನೆ ನೋಡುತ್ತಿದ್ದರಂತೆ. ಏನೂ ದುಡಿಯದವರ ಜಾಗ ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಬ್ಬ ಹತ್ತಿರ ಬಂದಾಗ ಶರಣು ಮಸ್ಕಿಗೆ ಫೋನು ಮಾಡಿದ. "ಅಕ್ಕಾ, ಈ ಸಲ ನೀ ಬರಲೇಬೇಕು. ಅಪ್ಪ ಒಲಿ ಮುಂದ ಹೋಗಿ ಕುಂದ್ರೋದು ನನಗ ನೋಡಾಕ ಆಗಂಗಿಲ್ಲ."

ಹೋದೆ. ದರ್ಬಾರು ಸೇರಿತು. ಶಶಿಕಲಾ ಹೇಳಿದಳು, ಶರಣು ಹೇಳಿದ, ನಾನೂ ಹೇಳಿದೆ. ಮಾವನ ಸರದಿ ಬಂತು.

"ಲೀಜಿನ ದುಡ್ಡು ನಿಂದ ಅಪ್ಪಾ," ಎಂದು ಶರಣು ಮೊದಲೇ ಬಾಯಿ ಹಾಕಿದ.

"ಹೊಲ ನಿನ್ನ ಹೆಸರಿಲೆ ಐತಿ."

"ಮನಿ ಇನ್ನೂ ನಿಮ್ಮ ಹೆಸರಿಲೆ ಐತಲ್ರೀ ಮಾವಾ, ಅದರ ಬಾಡಿಗಿ ಹಿಡೀರಿ," ಅಂದೆ ನಾನು.

"ನನ್ನ ಮನ್ಯಾಗ ನನಗ ಬಾಡಿಗಿ ಕೊಡೋರು ಯಾರವಾ?"

ಮಾವ ಎಲ್ಲರ ಎದುರೇ, "ನಂದು ಒಂದು ಕಾಳೂ ಇಲ್ಲ" ಅಂದರು. ಧ್ವನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಮೊಣಕಾಲನ್ನು ಸವರುತ್ತಿತ್ತು. ಶಶಿಕಲಾ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮಾವ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಏ, ಬಾ ಇಲ್ಲೆ. ನೀ ಒಬ್ಬಾಕಿ ಉಳಿದಿ."

ಅತ್ತೆ ಹೂರಣದ ಕೈಯಲ್ಲೇ ಬಂದು ನಿಂತರು. ಈ ದರ್ಬಾರಿಗೆ ಅವರನ್ನು ಅಲ್ಲಿಯವರೆಗೆ ಯಾರೂ ಕರೆದದ್ದೇ ಇರಲಿಲ್ಲ.

"ನಿನ್ನ ಖಾತೆಕ್ಕ ಸರಕಾರದ ರೊಕ್ಕ ಬರಾಕತ್ತೈತಲ್ಲ, ಮನಿ ಹೆಣ್ಮಕ್ಕಳದು? ತಿಂಗಳಿಗೆ ಒಂದು ಚೀಲ ಆತು. ನಾಳಿಂದ ನಡುಮನ್ಯಾಗ ಕುಂದ್ರು."

"ಅಯ್ಯ, ಅದು ನಾ ದುಡಿದದ್ದಲ್ರಿ. ಸುಮ್ನ ಬರತೈತಿ."

"ಸುಮ್ನ ಯಾರೂ ಯಾರಿಗೂ ಕೊಡೂದಿಲ್ಲ. ನೀ ಇಷ್ಟು ವರ್ಷ ರೊಟ್ಟಿ ಬಡದಿದ್ದಕ್ಕ ನಾ ಕೊಡಲಿಲ್ಲ, ತಡಾ ಆದ್ರೂ ಸರಕಾರ ಕೊಡಾಕತ್ತೈತಿ," ಅಂದರು ಮಾವ. ಇಂಥ ಮಾತು ಅವರ ಬಾಯಿಂದ ಬರುತ್ತದೆಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅತ್ತೆ ಕೈಯಲ್ಲಿದ್ದ ಹೂರಣವನ್ನೇ ನೋಡುತ್ತ ಒಳಗೆ ಹೋದರು.

ಮರುದಿನ ಮಧ್ಯಾಹ್ನ ಹೊಸ ಕ್ರಮ ಜಾರಿಯಾಯಿತು. ಶಶಿಕಲಾ ಹಠ ಮಾಡಿ ರೊಟ್ಟಿ ಮಾಡಲು ನಿಂತಳು. ಮಾವ ಮಾತಿಲ್ಲದೆ ತಾಟು ಹಿಡಿದು ಅಡುಗೆಮನೆಗೆ ನಡೆದರು. ಅತ್ತೆಯನ್ನು ನಾನೇ ಕೈಹಿಡಿದು, ಶಶಿಕಲಾ ಬಿಟ್ಟ ಮೊದಲ ಜಾಗದಲ್ಲಿ ಶರಣುವಿನ ಪಕ್ಕ ಕೂಡಿಸಿದೆ. ಸೆರಗನ್ನು ಹತ್ತು ಸಲ ಎಳೆದುಕೊಂಡರು. ಫ್ಯಾನಿನ ಗಾಳಿಗೆ ಕೂದಲು ಹಾರಿದರೆ ಸಂಕೋಚ, ಎದುರಿಗೆ ಯಾರಾದರೂ ಬಡಿಸಿದರೆ ಸಂಕೋಚ. ಪುಂಡಿಸೊಪ್ಪಿನ ಪಲ್ಲೆಗೆ ರೊಟ್ಟಿ ಮುರಿದವರು ಅಲ್ಲಿಗೇ ನಿಲ್ಲಿಸಿದರು.

"ಇದೇನವಾ ಶಶಿ, ರೊಟ್ಟಿ ಹಪ್ಪಳ ಆಗೇತಿ?"

"ನಂದಲ್ರಿ ತಪ್ಪು," ಎಂದು ಶಶಿಕಲಾ ಒಳಗಿನಿಂದಲೇ ಅಂದಳು. "ಗಾಳಿಗೆ ಆರಿ ಸೆಟದಾವು. ನಾವು ದಿನಾ ಹಿಂಗ ಉಣ್ತೀವ್ರಿ."

ಅತ್ತೆ ನಮ್ಮೆಲ್ಲರ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಅವರು ಹಾಗೆ ಬಿದ್ದು ಬಿದ್ದು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಈ ಒಣಾ ರೊಟ್ಟಿ ಸಲುವಾಗಿ ಏನ ಇಷ್ಟು ವರ್ಷ ನೀವೆಲ್ಲಾ ಬಡದಾಡಿದ್ದು? ನಾ ಒಲ್ಲೆವಾ," ಎಂದು ತಾಟು ಎತ್ತಿಕೊಂಡು ಹೊರಟೇಬಿಟ್ಟರು. ನಾನೂ ಹಿಂದೆಯೇ ಹೋದೆ.

ಒಳಗೆ ಮಾವ ಒಲೆಯ ಪಕ್ಕ ಮಣೆಯ ಮೇಲೆ ಕೂತಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ತಾಟಿನಲ್ಲಿ ಹಂಚಿನಿಂದ ನೇರ ಇಳಿದ ರೊಟ್ಟಿ, ಅದರ ಮೇಲೆ ಕರಗುತ್ತಿದ್ದ ಬೆಣ್ಣೆ. ಬಾಯಿತುಂಬ ಇಟ್ಟುಕೊಂಡು ಅಗಿಯುತ್ತಿದ್ದವರು ಅತ್ತೆಯನ್ನು ಕಂಡು ಕೇಳಿದರು.

"ಇದು ಬ್ಯಾರೆ ಹಿಟ್ಟೇನ?"

"ಅದ ಹಿಟ್ಟು. ನೀವು ಜಾಗಾ ಬದಲಿ ಮಾಡೀರಿ, ಅಷ್ಟ."

ಅತ್ತೆ ಸೊಸೆಯನ್ನು ಎಬ್ಬಿಸಿ ನಡುಮನೆಗೆ ಕಳಿಸಿದರು. ತಾವು ಒಲೆಯ ಮುಂದೆ ಕೂತು ಹಿಟ್ಟು ಮುರಿದುಕೊಂಡು ಬಡಿಯಲು ಹತ್ತಿದರು. ಮಾವ ಹಣೆಯ ಬೆವರು ಒರೆಸಿಕೊಳ್ಳುತ್ತ, "ಇಷ್ಟು ಸೆಕಿಯಾಗ ಹ್ಯಾಂಗ ಕುಂತಿ ಇಷ್ಟು ದಿನ?" ಎಂದು ಮೆಲ್ಲಗೆ ಕೇಳಿದರು.

"ಸೆಕಿ ಏನ್ರಿ, ರೂಢಿ ಆಗತೈತಿ," ಅಂದರು ಅತ್ತೆ, ಕೈ ನಿಲ್ಲಿಸದೆ. "ಹುಡುಗರು ಸಣ್ಣವರಿದ್ದಾಗ ಸುತ್ತ ಕುಂತು ಉಣ್ತಿದ್ದರು. ಒಬ್ಬೊಬ್ಬರ ದುಡ್ಯಾಕ ಹತ್ತಿದರು, ಹೊರಗ ಹೋದರು. ನೀವೆಲ್ಲಾ ಉಂಡು ಎದ್ದ ಮ್ಯಾಲ ನಾ ಒಬ್ಬಾಕೀನ ಗ್ವಾಡಿ ನೋಡ್ಕೋಂತ ಉಣ್ಣೂದು. ಅದೊಂದ ಬ್ಯಾಸರ ಇತ್ತು."

ದೂರಿನಂತೆ ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಸಹಜವಾಗಿ ಹೇಳಿದರು. ಮಾವ ಅಗಿಯುವುದನ್ನು ನಿಲ್ಲಿಸಿದರು. ನಾನು ಬಾಗಿಲಲ್ಲೇ ನಿಂತೆ. ಮನೆಯಲ್ಲಿ ಯಾರ ಆದಾಯ ಏರಿತು, ಯಾರದು ಇಳಿಯಿತು ಎಂದು ಇಷ್ಟು ವರ್ಷ ನಾವೆಲ್ಲ ನೋಡಿದ್ದೇ ನೋಡಿದ್ದು. ಪ್ರತಿ ಬಡ್ತಿಗೂ ಅಡುಗೆಮನೆಯಲ್ಲಿ ಒಂದು ತಾಟು ಕಡಿಮೆಯಾಗುತ್ತಿತ್ತು ಎಂಬುದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾವ ಗೋಡೆ ಹಿಡಿದು ಕಷ್ಟಪಟ್ಟು ಎದ್ದರು. ಮೂಲೆಯಲ್ಲಿದ್ದ ಇನ್ನೊಂದು ಮಣೆ ತಂದು ತಮ್ಮ ಮಣೆಯ ಪಕ್ಕಕ್ಕೆ ಇಟ್ಟರು.

"ಸಾಕು ಬಡದದ್ದು. ಉಣ್ಣು ಬಾ," ಅಂದರು.

ಅಲ್ಲಿಂದ ಇಬ್ಬರ ಊಟವೂ ಒಲೆಯ ಪಕ್ಕವೇ. ಊಟಕ್ಕೆ ಕ್ರಮೇಣ ತಾಸುಗಟ್ಟಲೆ ಹಿಡಿಯತೊಡಗಿತು ಎಂದು ಶರಣು ಫೋನಿನಲ್ಲಿ ದೂರುತ್ತಿದ್ದ. ಒಳಗಿನಿಂದ ನಗು ಕೇಳಿಬರುತ್ತಿತ್ತಂತೆ. ಏನು ವಿಷಯ ಎಂದು ಹಣಕಿದರೆ ಇಬ್ಬರೂ ಸುಮ್ಮನಾಗಿಬಿಡುತ್ತಿದ್ದರಂತೆ!

ಈ ಸಲ ಸುಗ್ಗಿಯಲ್ಲಿ ಊರ ಹೊರಗಿನ ಒಂದು ರೈಸ್ ಮಿಲ್ಲಿನವರು ಮಾವನನ್ನು ಕರೆಸಿಕೊಂಡರು. ಕುರ್ಚಿಯ ಮೇಲೆ ಕೂತು ಭತ್ತದ ಲಾರಿಗಳನ್ನು ಸರದಿಯಂತೆ ಒಳಗೆ ಬಿಡುವ ಕೆಲಸ. ಸರದಿ ಹಚ್ಚುವುದರಲ್ಲಿ ನಮ್ಮ ಮಾವನನ್ನು ಮೀರಿಸುವವರು ಯಾರಿದ್ದಾರೆ ಹೇಳಿ! ಪಗಾರವನ್ನು ಭತ್ತದಲ್ಲೇ ಕೊಡಿ ಎಂದು ಪಟ್ಟುಹಿಡಿದು ತಂದರು. ಯುಗಾದಿಗೆ ನಾನು ಹೋದಾಗ ಪಡಸಾಲೆಯಲ್ಲಿ ಚೀಲಗಳು ಎದೆಯುದ್ದಕ್ಕೆ ನಿಂತಿದ್ದವು. ಶರಣುವಿಗೆ ಖುಷಿಯೋ ಖುಷಿ. ಅಪ್ಪ ಮತ್ತೆ ದುಡಿಯುವವರ ಸಾಲಿಗೆ ಬರುತ್ತಾರೆ, ಈ ಸಲ ಮೂರನೆಯ ತಾಟಿಗೆ ಮೋಸವಿಲ್ಲ ಎಂದು ಹಿಗ್ಗಿದ.

ಬೇವು ಕುಡಿದು ದರ್ಬಾರು ಸೇರಿದೆವು. ಮಾವ ಆ ಚೀಲಗಳಿಗೇ ಬೆನ್ನು ಕೊಟ್ಟು ಕೂತಿದ್ದರು. ಎಲ್ಲರದೂ ಆಯಿತು.

"ಅಪ್ಪಾ, ಈಗ ನಿಂದು ಹೇಳು," ಅಂದ ಶರಣು.

ಮಾವ ಸೂರಿನ ಕಡೆ ನೋಡಿದರು. "ನಂದೇನೈತಿ? ಒಂದು ಕಾಳೂ ಇಲ್ಲ."

ಶರಣು ಬಾಯಿ ತೆರೆದ. ಶಶಿಕಲಾ ಅವನ ತೊಡೆ ಚಿವುಟಿದಳು. ಅವನು ಬಾಯಿ ಮುಚ್ಚಿದ. ನಮ್ಮಲ್ಲಿ ಯಾರೂ ಆ ಚೀಲಗಳ ಕಡೆ ನೋಡಲಿಲ್ಲ. ಮಾವ ಎದ್ದು, ಮೊಣಕಾಲು ನೀವಿಕೊಂಡು, ಅಡುಗೆಮನೆಗೆ ನಡೆದರು.

ನೀರು ಕುಡಿಯುವ ನೆಪದಲ್ಲಿ ನಾನು ಬಾಗಿಲವರೆಗೆ ಹೋದೆ. ಒಳಗೆ ಅತ್ತೆ ಹೋಳಿಗೆ ಲಟ್ಟಿಸುತ್ತ ಕೇಳುತ್ತಿದ್ದರು.

"ಹಬ್ಬದ ದಿನ ಸುಳ್ಳು ಹೇಳಿದ್ರೇನ್ರಿ?"

"ಮೆತ್ತಗ ಮಾತಾಡ," ಅಂದರು ಮಾವ, ಮಣೆ ಎಳೆದುಕೊಂಡು. "ಅವ್ರಿಗೆ ಕೇಳಿಸಿತಂದ್ರ ನನ್ನ ಹೊರಗ ಕರೀತಾರ."